ಒದ್ದೆ ಇದ್ದರೂ ನೀರು ಕೇಳುವ ಗಿಡ

ಕಕ್ಕಡ 18ಕ್ಕೆ, ಅಂದರೆ ಕೊಡಗಿನಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುವ ಮಳೆಗಾಲದ ಆ ದಿನಕ್ಕೆ, ಇನ್ನು ಎರಡೇ ದಿನ ಇತ್ತು. ಬೆಳಿಗ್ಗೆ ಆರೂವರೆಗೆ, ಚೀಲಗಳಲ್ಲಿ ಟೊಮೆಟೊ ಬೆಳೆಸುವ ಹಿತ್ತಲಿನ ಶೀಟಿನ ಮನೆಗೆ ಹೋದೆ. ಹತ್ತು ಮಾರು ಆಚೆಯ ಸಿಲ್ವರ್ ಮರವೂ ಕಾಣದಷ್ಟು ಮಂಜು. ಟೊಮೆಟೊದ ಮೊದಲ ಗೊಂಚಲು ನಿಂಬೆಹಣ್ಣಿನ ಗಾತ್ರಕ್ಕೆ ಬಂದಿತ್ತು. ಒಂದು ಕಾಯಿಯನ್ನು ಸುಮ್ನೆ ತಿರುಗಿಸಿ ನೋಡಿದೆ. ತುದಿಯಲ್ಲಿ ಕಂದು ಕಲೆ, ಸಿಪ್ಪೆ ಒಳಕ್ಕೆ ಕುಸಿದಿತ್ತು. ಪಕ್ಕದ ಕಾಯಿ ನೋಡಿದೆ, ಅದೂ ಹಾಗೇ. 24 ಚೀಲಗಳಲ್ಲಿ 17ರಲ್ಲಿ ಇದೇ ಕಥೆ. ಅಲ್ಲೇ ಕೆಳಗೆ ಕೂತುಬಿಟ್ಟೆ.

ನಮ್ಮ ಮನೆ ಮಾದಾಪುರದ ಹತ್ತಿರ. ಹಿಂದೆ ಗದ್ದೆಯ ಅಂಚಿನಲ್ಲೇ ತರಕಾರಿ ಬೆಳೆಯುತ್ತಿದ್ದೆವು. ಆ ಗದ್ದೆಗೆ ಶುಂಠಿ ಹಾಕಿಸಿದ ಮೇಲೆ ಟೊಮೆಟೊ ನಿಲ್ಲಲೇ ಇಲ್ಲ. ಹಸಿರಾಗಿದ್ದ ಗಿಡ ಎರಡು ದಿನದಲ್ಲಿ ನಿಂತಲ್ಲೇ ಸೊರಗುತ್ತಿತ್ತು. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಅದ್ದಿದರೆ ಹಾಲಿನಂಥ ಬಿಳಿ ಎಳೆ ಕೆಳಗಿಳಿಯುತ್ತಿತ್ತು. ಅದು ಬ್ಯಾಕ್ಟೀರಿಯಾದ ಸೊರಗು ರೋಗದ ಗುರುತು. ಆ ಮಣ್ಣಿನ ಸಹವಾಸವೇ ಬೇಡ ಅಂತ ಕೋಕೋಪೀಟ್ ಹಿಡಿದೆ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಹುಡಿ ಅದು. 5 ಕೆಜಿಯ ಒಂದು ಗಟ್ಟಿಗೆ ನೀರು ಕುಡಿಸಿದರೆ ಉಬ್ಬಿ 70 ಲೀಟರಿನಷ್ಟಾಗುತ್ತದೆ. ಮೊದಲ ಸಲ ಡ್ರಮ್ಮಿನಲ್ಲಿ ಅದು ಉಬ್ಬುವುದನ್ನು ನೋಡಿ ಅವ್ವ ಮೂಗಿನ ಮೇಲೆ ಬೆರಳಿಟ್ಟಿದ್ದರು.

ಆ ಬೆಳಿಗ್ಗೆ ಕುಶಾಲನಗರದ ಬಾವನಿಗೆ ಫೋನ್ ಮಾಡಿದೆ. ಅವರು ಹತ್ತು ವರ್ಷದಿಂದ ಪಾಲಿಹೌಸಿನಲ್ಲಿ ದಪ್ಪ ಮೆಣಸಿನಕಾಯಿ ಬೆಳೆಯುವವರು. ನನಗೆ ಗೊಬ್ಬರದ ಲೆಕ್ಕ ಬರೆದುಕೊಟ್ಟವರೂ ಅವರೇ. "ಫೋಟೋ ಬೇಡ, ನಾನೇ ಬರ್ತೀನಿ" ಅಂದರು. ಹನ್ನೊಂದಕ್ಕೆಲ್ಲ ಜೀಪು ಅಂಗಳದಲ್ಲಿತ್ತು. ಕಾಫಿ ಕುಡಿಯುವ ಮೊದಲೇ ಜೇಬಿನಿಂದ ಇಸಿ ಮೀಟರ್ ತೆಗೆದರು. ನೀರಿನಲ್ಲಿ ಕರಗಿರುವ ಲವಣ ಎಷ್ಟು ಅಂತ ಹೇಳುವ, ಪೆನ್ನಿನಷ್ಟು ಉದ್ದದ ಸಾಧನ.

ಮೊದಲು ನಮ್ಮ ಒರತೆ ನೀರಿಗೆ ಅದ್ದಿದರು. 0.05. ಬಾವ ಮೀಟರನ್ನು ಒರೆಸಿ ಮತ್ತೆ ಅದ್ದಿದರು. ಅದೇ ಅಂಕಿ.

"ಇದು ಮಳೆ ನೀರೇ ಬಿಡು. ನಮ್ಮ ಬೋರ್‌ವೆಲ್ ನೀರು 0.8 ಇದೆ. ಅದರಲ್ಲೇ ಬೇಕಾದಷ್ಟು ಸುಣ್ಣದ ಅಂಶ, ಅಂದ್ರೆ ಕ್ಯಾಲ್ಸಿಯಂ ಇರುತ್ತೆ. ಕಾಯಿಯ ತುದಿಗೆ ಅದು ಸಾಲದಿದ್ರೆ ಹೀಗೆ ಕೊಳೆಯುತ್ತೆ. ನಾನು ನಿನಗೆ ಕೊಟ್ಟ ಲೆಕ್ಕ ನನ್ನ ನೀರಿನದ್ದು. ತಪ್ಪು ನನ್ನದೂ ಇದೆ."

ಒಂದೇ ಜಿಲ್ಲೆ, ಅಂಥ ದೂರವೇನೂ ಇಲ್ಲ. ಆದರೆ ಅವರದ್ದು ಮಳೆ ಕಡಿಮೆ ಇರುವ ಬಯಲು ಸೀಮೆಯ ಅಂಚು, ನಮ್ಮದು ಮಳೆಗಾಲ ಪೂರ್ತಿ ತೊಳೆದುಹೋಗುವ ಗುಡ್ಡ. ನಮ್ಮ ತೋಟಗಳಿಗೆ ಸುಣ್ಣ ಹಾಕುವುದು ಯಾಕೆ ಅಂತ ಚಿಕ್ಕಂದಿನಿಂದ ಗೊತ್ತಿತ್ತು. ಅದೇ ಮಾತು ಡ್ರಮ್ಮಿನ ನೀರಿಗೂ ಅನ್ವಯಿಸುತ್ತದೆ ಅಂತ ತಲೆಗೇ ಹೊಳೆದಿರಲಿಲ್ಲ.

ಆಮೇಲೆ ಒಂದು ಚೀಲದ ಕೆಳಗೆ ತಟ್ಟೆ ಇಟ್ಟು, ಮೇಲಿನಿಂದ ನಿಧಾನವಾಗಿ ನೀರು ಬಿಟ್ಟರು. ಕೆಳಗೆ ಬಸಿದದ್ದು ಟೀ ಡಿಕಾಕ್ಷನ್ ಬಣ್ಣದ ನೀರು. ಅದರ ಇಸಿ 5.1. ನಾನು ಕೊಡುತ್ತಿದ್ದದ್ದು 2. ಬಾವ ನನ್ನ ಮುಖ ನೋಡಿದರು.

"ದಿನಾ ಎಷ್ಟು ನೀರು ಕೊಡ್ತಿದ್ದೀಯಾ?"

"ಮಳೆ ಅಲ್ವಾ ಬಾವ, ಮುಟ್ಟಿದರೆ ಒದ್ದೆನೇ ಇರುತ್ತೆ. ಎರಡು ದಿನಕ್ಕೊಮ್ಮೆ ಅರ್ಧ ಮಗ್."

"ಕೆಳಗೆ ಬಸಿಯುತ್ತಾ?"

ಬಸಿಯುತ್ತಿರಲಿಲ್ಲ. ಗೊಬ್ಬರದ ನೀರು ಪೋಲಾಗಬಾರದು ಅಂತ ನಾನೇ ಜಾಗ್ರತೆ ಮಾಡುತ್ತಿದ್ದೆ.

ಅಲ್ಲೇ ಇತ್ತು ಗಂಟು. ಮಣ್ಣಿನಲ್ಲಿ ಬೆಳೆದವರ ಕೈಗೆ ಒಂದು ಅಭ್ಯಾಸ ಇರುತ್ತದೆ. ಬೆರಳು ಚುಚ್ಚಿ ನೋಡು, ಒಣಗಿದ್ದರೆ ಕೊಡು, ಒದ್ದೆ ಇದ್ದರೆ ಬಿಡು. ಮಣ್ಣಿನಲ್ಲಿ ಅದು ಸರಿ. ಮಣ್ಣಲ್ಲಿ ತನ್ನದೇ ಊಟ ಇರುತ್ತದೆ. ಕೋಕೋಪೀಟಿನಲ್ಲಿ ಹೇಳಿಕೊಳ್ಳುವಂಥ ಊಟ ಇಲ್ಲ. ಗಿಡಕ್ಕೆ ಬೇಕಾದ್ದೆಲ್ಲ ನಾವು ಕೊಡುವ ನೀರಿನಲ್ಲೇ ಬರಬೇಕು. ಜೊತೆಗೆ ಅದು ಎಷ್ಟೇ ನೀರು ಹಿಡಿದಿದ್ದರೂ ನಡುವೆ ಗಾಳಿಗೆ ಜಾಗ ಉಳಿಸಿಕೊಂಡಿರುತ್ತದೆ, ಹಾಗಾಗಿ ಬೇರು ಸುಲಭಕ್ಕೆ ಕೊಳೆಯುವುದಿಲ್ಲ. ಒದ್ದೆ ಇರುವಾಗಲೇ ಮತ್ತೆ ಕೊಡಬೇಕು. ಕೊಟ್ಟದ್ದರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು ಕೆಳಗೆ ಬಸಿದು ಹೋಗಬೇಕು. ಬಸಿಯದಿದ್ದರೆ ಗಿಡ ನೀರನ್ನು ಮಾತ್ರ ಕುಡಿದು, ಬೇಡದ ಲವಣವನ್ನು ಚೀಲದಲ್ಲೇ ಬಿಡುತ್ತದೆ. ದಿನದಿನಕ್ಕೂ ಅದು ಕೂಡುತ್ತಾ ಹೋಗುತ್ತದೆ. ನನ್ನ 5.1 ಹಾಗೆ ಕೂಡಿದ ಲೆಕ್ಕ. ಲವಣ ಹೆಚ್ಚಿದಷ್ಟೂ ಬೇರಿಗೆ ನೀರು ಎಳೆದುಕೊಳ್ಳುವುದು ಕಷ್ಟ.

ಕಾಯಿ ತುದಿ ಕೊಳೆಯಲು ಬೇರೆ ಕಾರಣಗಳೂ ಸೇರಿದ್ದವು. ತೆಂಗಿನ ಹುಡಿಯಲ್ಲಿ ಹುಟ್ಟಿನಿಂದಲೇ ಪೊಟ್ಯಾಷ್ ಮತ್ತು ಸೋಡಿಯಂ ಜಾಸ್ತಿ. ಅದು ಅವನ್ನು ಬಿಟ್ಟುಕೊಟ್ಟು, ನಾವು ಕೊಡುವ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ತಾನು ಹಿಡಿದುಕೊಳ್ಳುತ್ತದೆ. ಗಿಡಕ್ಕೆ ಸಿಗುವ ಮೊದಲು ಹುಡಿಯೇ ಉಂಡುಬಿಡುತ್ತದೆ ಅನ್ನಬಹುದು. ಅದಕ್ಕೇ ನಾಟಿಗೆ ಮೊದಲು ಹುಡಿಯನ್ನು ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ದಿನ ನೆನೆಸಿ, ಮತ್ತೆ ತೊಳೆಯಬೇಕು. ನನಗೆ ಮಾರಿದವರು "ಎಲ್ಲ ತೊಳೆದದ್ದೇ, ನೇರ ಹಾಕಿ" ಅಂದಿದ್ದರು. ನಂಬಿದೆ. ಸಾಲದ್ದಕ್ಕೆ, ಕಾಯಿ ದಪ್ಪ ಆಗಲಿ ಅಂತ ಪೊಟ್ಯಾಷ್ ಇರುವ 13:0:45 ಗೊಬ್ಬರವನ್ನು ನಾನೇ ಮೇಲೆ ಮೇಲೆ ಸುರಿದಿದ್ದೆ. ಪೊಟ್ಯಾಷ್ ಹೆಚ್ಚಿದಷ್ಟೂ ಬೇರಿಗೆ ಕ್ಯಾಲ್ಸಿಯಂ ಸಿಗುವುದು ಕಷ್ಟ.

ಕೊನೆಗೆ ನಮ್ಮ ಕಕ್ಕಡದ ಮಂಜು. ಮುಖ್ಯವಾಗಿ ಎಲೆ ಬೆವರುವುದರಿಂದಲೇ ಬೇರಿನಿಂದ ನೀರು ಮೇಲೇರುತ್ತದೆ. ಕ್ಯಾಲ್ಸಿಯಂ ಆ ನೀರಿನ ಜೊತೆಗೇ ಹೋಗುವಂಥದ್ದು. ಗಾಳಿಯೇ ನೀರಾಗಿರುವ ದಿನಗಳಲ್ಲಿ ಎಲೆ ಬೆವರುವುದು ತೀರಾ ಕಡಿಮೆ. ಹೀಗಾಗಿ ಕಾಯಿಯ ತುದಿಗೆ, ಅಂದರೆ ದಾರಿಯ ಕಟ್ಟಕಡೆಗೆ, ಅದು ಸಾಕಷ್ಟು ಮುಟ್ಟುವುದಿಲ್ಲ. "ಎಲೆಗೆ ಸ್ಪ್ರೇ ಮಾಡ್ಲಾ?" ಅಂತ ಕೇಳಿದೆ. ಎಲೆಗೆ ಹೋದ ಕ್ಯಾಲ್ಸಿಯಂ ಎಲೆಯಲ್ಲೇ ಉಳಿಯುತ್ತದೆ, ಕಾಯಿಗೆ ಇಳಿಯುವುದಿಲ್ಲ ಅಂದರು ಬಾವ. ಈ ಮಾತು ನನ್ನ ಎಷ್ಟೋ ವರ್ಷದ ತಪ್ಪು ತಿಳಿವಳಿಕೆಯನ್ನು ಬಿಡಿಸಿತು.

ಮಧ್ಯಾಹ್ನ ಊಟದ ಮೇಲೆ ಕೆಲಸಕ್ಕೆ ಇಳಿದೆವು. 500 ಲೀಟರಿನ ಟ್ಯಾಂಕಿಗೆ 400 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದೆವು. ಇಸಿ 1ರ ಹತ್ತಿರ ಬಂತು. ಬರೀ ಒರತೆ ನೀರಿನಲ್ಲಿ ತೊಳೆಯಬಾರದು, ಕ್ಯಾಲ್ಸಿಯಂ ಇರುವ ನೀರೇ ಆಗಬೇಕು ಅಂತ ಬಾವ ಒತ್ತಿ ಹೇಳಿದರು. 12 ಲೀಟರಿನ ಒಂದೊಂದು ಚೀಲಕ್ಕೂ ಸುಮಾರು 20 ಲೀಟರ್, ನಾಲ್ಕು ಸುತ್ತಿನಲ್ಲಿ, ಅವಸರ ಮಾಡದೆ. ಅವ್ವ ಕೊಡೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅವರಿಗೆ ತಡೆಯಲಾಗಲಿಲ್ಲ.

"ಮಳೆಗಾಲದಲ್ಲಿ ಇಷ್ಟು ನೀರು ಹಾಕ್ತಾರಾ? ಗಿಡ ಸತ್ತೇ ಹೋಗ್ತದೆ!"

"ಇದು ಮಣ್ಣಲ್ಲ ಅತ್ತೆ, ನಾಳೆ ನೋಡಿ" ಅಂದರು ಬಾವ.

ಮೂರನೇ ಸುತ್ತಿಗೆ ಬಸಿದ ನೀರು 2.6ಕ್ಕೆ ಇಳಿಯಿತು. ನಾಲ್ಕನೆಯದಕ್ಕೆ 1.7. ಕೈ ಮರಗಟ್ಟಿತ್ತು, ಆದರೂ ಮೀಟರಿನ ಅಂಕಿ ಇಳಿಯುವುದನ್ನು ನೋಡುತ್ತಾ ಎದೆ ಹಗುರಾಯಿತು. ಕಲೆ ಬಿದ್ದ ಕಾಯಿಗಳು ಮತ್ತೆ ಸರಿಯಾಗುವುದಿಲ್ಲ, ಎಲ್ಲ ಕಿತ್ತು ಹಾಕಿದೆವು. ಎರಡು ಬುಟ್ಟಿ ಆಯಿತು. ಕೆಳಗಿನ ಎಲೆಗಳನ್ನೂ ತೆಗೆದು, ಎರಡೂ ಬದಿಯ ಪರದೆ ಎತ್ತಿ ಕಟ್ಟಿದೆವು. ಗಾಳಿಯಾಡಿದರೆ ಗಿಡ ಒಂದಿಷ್ಟಾದರೂ ಬೆವರುತ್ತದೆ.

ಹೊರಡುವ ಮೊದಲು ಬಾವ ಎರಡು ಕ್ಯಾನ್ ಇಟ್ಟು ಹೊಸ ಲೆಕ್ಕ ಬರೆದರು. ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಮಾತ್ರ. ಇನ್ನೊಂದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19 ಗೊಬ್ಬರ, ಮೆಗ್ನೀಷಿಯಂ ಸಲ್ಫೇಟ್, ಸೂಕ್ಷ್ಮ ಪೋಷಕಾಂಶ. ಗಟ್ಟಿ ದ್ರಾವಣದಲ್ಲಿ ಇವೆರಡನ್ನೂ ಕೂಡಿಸಿದರೆ ಮೊಸರು ಒಡೆದ ಹಾಗೆ ಬಿಳಿ ಗಸಿ ಕೂರುತ್ತದೆ, ಗಸಿಯಾದದ್ದು ಗಿಡಕ್ಕೆ ಸಿಗುವುದಿಲ್ಲ. ಒಂದನ್ನು ನೀರು ತುಂಬಿದ ಡ್ರಮ್ಮಿಗೆ ಹಾಕಿ ಕಲಕಿದ ಮೇಲೆಯೇ ಇನ್ನೊಂದು. ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5.8ರಿಂದ 6.2ರ ಒಳಗೆ. ಮಂಜಿನ ದಿನ ಬೆಳಕು ಬಿದ್ದ ಮೇಲೆ ಒಂದು ಸಲ, ಬಿಸಿಲಿನ ದಿನ ಸ್ವಲ್ಪ ಸ್ವಲ್ಪವಾಗಿ ಮೂರು ಸಲ. ರಾತ್ರಿ ಬೇಡ.

ಎರಡು ದಿನದ ಮೇಲೆ ಮನೆ ತುಂಬ ಮದ್ದು ಸೊಪ್ಪಿನ ಪಾಯಸದ ಪರಿಮಳ. ಅವ್ವ ಒಲೆ ಬಿಟ್ಟು ಹಿತ್ತಲಿಗೆ ಬಂದು ಒಂದೊಂದೇ ಗಿಡ ಮುಟ್ಟಿ ನೋಡಿದರು. ಒಂದೂ ಸತ್ತಿರಲಿಲ್ಲ. ಎರಡನೇ ಗೊಂಚಲಿನಲ್ಲೂ ನಾಲ್ಕಾರು ಕಾಯಿ ಹಾಳಾದವು. ಮೂರನೆಯದರಲ್ಲಿ ಕಲೆಯೇ ಇರಲಿಲ್ಲ. ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಬಿದ್ದ ಮೇಲೆ ಅವು ಹಣ್ಣಾದವು. ಮೊದಲ ಹಣ್ಣಿನ ಗೊಜ್ಜನ್ನು ಅಕ್ಕಿ ರೊಟ್ಟಿಗೆ ಹಚ್ಚಿಕೊಂಡು ತಿಂದೆವು. ಅರ್ಧ ಬುಟ್ಟಿ ಕುಶಾಲನಗರಕ್ಕೆ ಹೋಯಿತು.

ಬಸಿದ ನೀರು ಈಗ ಒಂದು ಬಕೆಟ್ಟಿಗೆ ಸೇರುತ್ತದೆ. ಬೆಳಿಗ್ಗೆ ನಾನು ಅದಕ್ಕೆ ಮೀಟರ್ ಅದ್ದಿ ಅಂಕಿ ಬರೆದ ಮೇಲೆ ಅವ್ವ ಅದನ್ನು ಅಂಗಳದ ಕಿತ್ತಳೆ ಗಿಡದ ಬುಡಕ್ಕೆ ಹೊಯ್ಯುತ್ತಾರೆ. ಬಕೆಟ್ ಖಾಲಿ ಕಂಡ ದಿನ, "ಇವತ್ತು ಗಿಡಕ್ಕೆ ನೀರು ಸಾಲಲಿಲ್ಲ" ಅಂತ ನನಗೆ ಮೊದಲು ಹೇಳುವವರು ಅವರೇ.