ರೋಡ್‌ಕಿಂಗ್ ದುರಸ್ತಿ: ಮುಂದಿನ ಫೋರ್ಕ್ ನೇರವಾದ ಬಗೆ

ಏಪ್ರಿಲ್‌ನ ಮೊದಲ ಮಳೆ ಬಿದ್ದ ಸಂಜೆ, ಜಯನಗರದ ಅಡ್ಡರಸ್ತೆಯೊಂದರ ತಿರುವಿನಲ್ಲಿ, ಉದುರಿ ನೆನೆದಿದ್ದ ಹೊಂಗೆ ಹೂವಿನ ಮೇಲೆ ಮುಂಚಕ್ರ ಜಾರಿ ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕ್ ಎಡಮಗ್ಗುಲಿಗೆ ಬಿದ್ದಿತು. ವೇಗ 20 ಕಿಲೋಮೀಟರನ್ನೂ ದಾಟಿರಲಿಲ್ಲ. ಮೊಣಕೈ ತರಚಿದ್ದನ್ನು ಬಿಟ್ಟರೆ ನನಗೇನೂ ಆಗಲಿಲ್ಲ. ಗಾಡಿಯಲ್ಲಿ ಕ್ಲಚ್ ಲಿವರ್ ಮುರಿದಿತ್ತು, ಹ್ಯಾಂಡಲ್ ಬಾಗಿತ್ತು, ಕಿಕ್ಕರ್ ಒಳಕ್ಕೆ ಮಡಚಿತ್ತು, ಎಡಗಡೆಯ ಸೈಲೆನ್ಸರ್ ತಗ್ಗು ಬಿದ್ದಿತ್ತು. ಇವೆಲ್ಲಕ್ಕಿಂತ ನನ್ನನ್ನು ಚಿಂತೆಗೀಡುಮಾಡಿದ್ದು ಮುಂಚಕ್ರ: ಹ್ಯಾಂಡಲ್ ನೇರ ಹಿಡಿದರೆ ಚಕ್ರ ಬಲಕ್ಕೆ ನೋಡುತ್ತಿತ್ತು.

ಮೊದಲ ವಾರ

ಪರಿಚಯದ ಮೆಕ್ಯಾನಿಕ್ ಒಬ್ಬರು ಬಂದು ನೋಡಿ, “ಫೋರ್ಕ್ ಬೆಂಡ್ ಆಗಿದೆ ಸಾರ್, ಕಾಯಿಸಿ ಎತ್ತಿಬಿಡೋಣ” ಎಂದರು. ನಾನು ಒಪ್ಪಲಿಲ್ಲ. ಫೋರ್ಕ್ ಎಂದರೆ ಮುಂಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಗಳು. ಕಾಯಿಸಿದ ಉಕ್ಕಿನ ಕೊಳವೆ ತನ್ನ ಗಡಸುತನವನ್ನು ಕಳೆದುಕೊಳ್ಳುತ್ತದೆ, ಮೇಲಿನ ಕ್ರೋಮ್ ಲೇಪ ಎದ್ದು, ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲನ್ನು ಕೊರೆಯುತ್ತದೆ. ಅಲ್ಲದೆ ಈ ಗಾಡಿಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದ್ದರಿಂದ, ಅಲ್ಲಿಂದ ಬಂದ ಮೂಲ ಭಾಗವೊಂದನ್ನು ಕೆಡಿಸಿಕೊಂಡರೆ ಅಂಥದೇ ಇನ್ನೊಂದನ್ನು ಹುಡುಕುವುದು ತಿಂಗಳುಗಳ ಕೆಲಸ. ಕೊಳವೆ ನಿಜವಾಗಿ ಬಾಗಿದೆಯೇ ಅಥವಾ ಅದನ್ನು ಬಿಗಿದು ಹಿಡಿಯುವ ಕ್ಲ್ಯಾಂಪಿನೊಳಗೆ ತಿರುಚಿಕೊಂಡಿದೆಯೇ ಎಂಬುದು ಮೊದಲು ತಿಳಿಯಬೇಕಿತ್ತು.

ಹೆಡ್‌ಲೈಟನ್ನೂ ಮಡ್‌ಗಾರ್ಡನ್ನೂ ಬಿಚ್ಚಿ, ಎರಡೂ ಕೊಳವೆಗಳಿಗೆ ಅಡ್ಡಲಾಗಿ ದಪ್ಪನೆಯ ಗಾಜಿನ ಹಾಳೆಯೊಂದನ್ನು ಒತ್ತಿ ಹಿಡಿದೆ. ಕೊಳವೆಗಳು ಒಂದೇ ಸಮತಲದಲ್ಲಿದ್ದರೆ ಗಾಜು ಅಲುಗದೆ ಕೂರುತ್ತದೆ. ನನ್ನದು ಒಂದು ಮೂಲೆಯಲ್ಲಿ ಸ್ಪಷ್ಟವಾಗಿ ಎದ್ದು ಕುಟುಕುಟು ಎಂದಿತು. ಇದು ತಿರುಚಿನ ಲಕ್ಷಣವಾದರೂ ಬಾಗಿಲ್ಲವೆಂಬುದಕ್ಕೆ ಸಾಕ್ಷಿಯಲ್ಲವಾದ್ದರಿಂದ, ಮರುದಿನ ಕೊಳವೆಗಳನ್ನು ಹೊರತೆಗೆದು ಕಲಾಸಿಪಾಳ್ಯದ ಲೇತ್ ಅಂಗಡಿಯೊಂದಕ್ಕೆ ಒಯ್ದೆ.

ಆ ಅಂಗಡಿಯ ಹಿರಿಯರು ಕೊಳವೆಯನ್ನು ವಿ ಆಕಾರದ ಕಚ್ಚುಳ್ಳ ಎರಡು ವಿ-ಬ್ಲಾಕ್‌ಗಳ ಮೇಲಿಟ್ಟು, ನಡುವೆ ಸೂಕ್ಷ್ಮ ಏರಿಳಿತವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ನಿಲ್ಲಿಸಿ, ಅವಸರವಿಲ್ಲದೆ ಒಂದು ಸುತ್ತು ತಿರುಗಿಸಿದರು. ಬಲಗಡೆಯದರಲ್ಲಿ ಮುಳ್ಳು ಹೆಚ್ಚುಕಡಿಮೆ ಕದಲಲೇ ಇಲ್ಲ, ಎಡಗಡೆಯದು 0.08 ಮಿಲಿಮೀಟರ್ ತೋರಿಸಿತು. ಗೇಜ್ ತೋರಿಸುವ ಒಟ್ಟು ಓಲಾಟದ ಅರ್ಧದಷ್ಟೇ ನಿಜವಾದ ಬಾಗು ಎಂಬುದನ್ನು ಅವರೇ ವಿವರಿಸಿ, “ಇದಕ್ಕೆ ಏನೂ ಮಾಡಬೇಡಿ, ಹಾಗೇ ಹಾಕಿ” ಎಂದರು. ಅಳತೆಗೆಂದು ಹಣ ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. ಆ ಮಧ್ಯಾಹ್ನ ನನಗಾದ ಸಮಾಧಾನವನ್ನು ಇಲ್ಲಿ ದಾಖಲಿಸದೆ ಇರಲಾರೆ.

ಎರಡನೆಯ ವಾರ

ಫೋರ್ಕ್ ಬಿಚ್ಚಿದ್ದರಿಂದ ಕೋನ್ ಸೆಟ್, ಅಂದರೆ ಹ್ಯಾಂಡಲ್ ಸಲೀಸಾಗಿ ತಿರುಗಲು ಇರುವ ಬಟ್ಟಲು ಮತ್ತು ಗುಂಡುಗಳನ್ನು ಪರೀಕ್ಷಿಸಲು ಅವಕಾಶವಾಯಿತು. ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದಾಗ ನಡುವೆ ಒಂದು ಕಡೆ ತಡೆದು ನಿಲ್ಲುತ್ತಿತ್ತು. ಬಟ್ಟಲಲ್ಲಿ ಗುಂಡುಗಳು ಒತ್ತಿ ಮೂಡಿಸಿದ ಸಣ್ಣ ಗುಳಿಗಳು ಬೆರಳಿಗೇ ಸಿಕ್ಕವು. ಅವು ಈ ಬೀಳುವಿಕೆಗಿಂತ ಹಳೆಯವೆಂದು ತೋರುತ್ತದೆ. ಜೆ.ಸಿ. ರಸ್ತೆಯಲ್ಲಿ ಹೊಸ ಸೆಟ್ ದೊರೆಯಿತು. ಅಲ್ಲಿಯೇ ಕೊಂಡ ಹ್ಯಾಂಡಲ್ ಮಾತ್ರ ನಿರಾಶೆ ತಂದಿತು: 22 ಮಿಲಿಮೀಟರ್ ಇರಬೇಕಾದ ಕೊಳವೆ ವರ್ನಿಯರ್‌ನಲ್ಲಿ 21.6 ತೋರಿಸಿತು, ಕ್ಲ್ಯಾಂಪ್ ಎಷ್ಟು ಬಿಗಿದರೂ ಜಾರುತ್ತಿತ್ತು. ಅದನ್ನು ಹಿಂತಿರುಗಿಸಿ, ಗುಜರಿಯಿಂದ ಕ್ರೋಮ್ ಮಾಸಿದ ಆದರೆ ಅಳತೆ ಸರಿಯಿರುವ ಹಳೆಯ ಹ್ಯಾಂಡಲ್ ತಂದೆ.

ಜೋಡಣೆಯಲ್ಲಿ ಅವಸರಪಡಲಿಲ್ಲ. ಕ್ಲ್ಯಾಂಪ್ ಹಾಗೂ ಆಕ್ಸಲ್ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲನ್ನು ಎದುರು ದಿಕ್ಕಿಗೆ ತಿರುಗಿಸಿ, ಗಾಜಿನ ಹಾಳೆ ಅಲುಗದೆ ಕೂರುವವರೆಗೆ ಮತ್ತೆ ಮತ್ತೆ ಸರಿಪಡಿಸಿದೆ. ಬಳಿಕ ಮೇಲಿನಿಂದ ಬಿಗಿಯುತ್ತ ಬಂದು, ಮುಂಬ್ರೇಕ್ ಹಿಡಿದು ಫೋರ್ಕನ್ನು ಹತ್ತಾರು ಬಾರಿ ಅದುಮಿ, ಕೊನೆಯಲ್ಲಿ ಆಕ್ಸಲ್ ಬಿಗಿದೆ.

ಮೂರನೆಯ ವಾರ

ರೋಡ್‌ಕಿಂಗ್‌ನಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ ಆದ್ದರಿಂದ ಅದು ಬಾಗಿದರೆ ಗಾಡಿ ಚಾಲೂ ಮಾಡುವುದೂ ಕಷ್ಟ, ಗೇರ್ ಹಾಕುವುದೂ ಕಷ್ಟ. ಶಾಫ್ಟಿನ ಮೇಲಿದ್ದಾಗಲೇ ಕಾಯಿಸಿದರೆ ಒಳಗಿನ ಆಯಿಲ್ ಸೀಲ್ ಸುಡುತ್ತದೆಂದು ಲಿವರನ್ನು ಬಿಚ್ಚಿಯೇ ವೆಲ್ಡಿಂಗ್ ಅಂಗಡಿಗೆ ಕೊಟ್ಟೆ. ಶಾಫ್ಟ್ ನೇರವಾಗಿತ್ತು. ಹೊಸ ಕ್ಲಚ್ ಲಿವರಿನ ಹಿಡಿಕೆಯನ್ನು ಈ ಬಾರಿ ಪೂರ್ತಿ ಬಿಗಿದಿಲ್ಲ. ಮತ್ತೆ ಬಿದ್ದರೂ ಅದು ಹ್ಯಾಂಡಲ್ ಸುತ್ತ ತಿರುಗುತ್ತದೆಯೇ ಹೊರತು ಸುಲಭವಾಗಿ ಮುರಿಯುವುದಿಲ್ಲ.

ಭಾನುವಾರ ಬೆಳಗಿನ ಆರಕ್ಕೆ ಕನಕಪುರ ರಸ್ತೆಯಲ್ಲಿ ಓಡಿಸಿ ನೋಡಿದೆ. 60ರ ವೇಗದಲ್ಲಿಯೂ ಗಾಡಿ ಯಾವ ಕಡೆಗೂ ಎಳೆಯಲಿಲ್ಲ, ಹ್ಯಾಂಡಲ್ ನಡುಗಲಿಲ್ಲ. ಮನೆಗೆ ಬಂದು ಕ್ಲ್ಯಾಂಪ್ ಬೋಲ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿದಾಗ ಕೆಳಗಿನದೊಂದು ಕಾಲು ಸುತ್ತು ಬಿಗಿಯಿತು. ಸೈಲೆನ್ಸರಿನ ತಗ್ಗು ಹಾಗೆಯೇ ಇದೆ. ಅದನ್ನು ಒಳಗಿನಿಂದ ಎತ್ತಬಲ್ಲವರನ್ನು ಹುಡುಕುತ್ತಿದ್ದೇನೆ.