ನಿಮ್ಮ ಹೆಸರು ಎಲ್ಲಿ?

ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ನಾನು ಬಸ್ಸಿನಲ್ಲಿದ್ದೆ. ಥಟ್ಟನೆ ನೆನಪಾದದ್ದು ಬೋರ್ಡಿನ ಮೇಲೆ ಅವರು ಬರೆದಿದ್ದ 1644. ಒಂದು ವಾರ ಅದನ್ನು ಅಳಿಸಲು ಯಾರಿಗೂ ಬಿಟ್ಟಿರಲಿಲ್ಲ.

ಆಗ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ. ಒಪ್ಪಿಗೆ ಪಡೆಯದೆ ಯಾವ ಪುಸ್ತಕವನ್ನೂ ಅಚ್ಚು ಹಾಕಬಾರದು ಎಂದು ಪಾರ್ಲಿಮೆಂಟು 1643ರಲ್ಲಿ ಆಜ್ಞೆ ಮಾಡಿತ್ತು. ಕವಿ ಜಾನ್ ಮಿಲ್ಟನ್ ಪಾರ್ಲಿಮೆಂಟಿನ ಕಡೆಯವನೇ. ಆದರೂ ಆ ಆಜ್ಞೆಯ ವಿರುದ್ಧ 1644ರಲ್ಲಿ 'ಅರಿಯೋಪಜಿಟಿಕ' ಎಂಬ ಪುಸ್ತಕ ಬರೆದ, ಒಪ್ಪಿಗೆ ಕೇಳದೆ ಅಚ್ಚು ಹಾಕಿಸಿದ. ಸತ್ಯವನ್ನೂ ಸುಳ್ಳನ್ನೂ ಕುಸ್ತಿಗೆ ಬಿಡಿ, ಬಯಲಲ್ಲಿ ಸತ್ಯ ಸೋತದ್ದನ್ನು ಯಾರು ಕಂಡಿದ್ದಾರೆ ಅನ್ನೋದು ಅವನ ವಾದ. ಮೇಷ್ಟ್ರು ತೋಳು ತಟ್ಟಿ ತೋರಿಸಿದ್ದರು! ಕ್ಯಾಥೊಲಿಕರಿಗೆ ಮಾತ್ರ ಈ ಸ್ವಾತಂತ್ರ್ಯ ಬೇಡ ಎಂದು ಮಿಲ್ಟನ್ ಹೇಳಿದ್ದನ್ನೂ ಅವರು ಮುಚ್ಚಿಡಲಿಲ್ಲ.

ನಮ್ಮ ಲೈಬ್ರರಿಯ ಗಾಜಿನ ಬೀರುಗಳಿಗೆ ಯಾವಾಗಲೂ ಬೀಗ. ನಾವು ನಾಲ್ವರು ರಾತ್ರಿ ಕೂತು ಅದರ ಬಗ್ಗೆ ಗೋಡೆಪತ್ರಿಕೆ ಬರೆದು, ಯಾರನ್ನೂ ಕೇಳದೆ ಅಂಟಿಸಿದೆವು. ಬರವಣಿಗೆ ನನ್ನದು. ಹತ್ತು ಗಂಟೆಯೊಳಗೆ ಪ್ರಿನ್ಸಿಪಾಲರು ಕೀಳಿಸಿದರು. ಮೇಷ್ಟ್ರು ಆ ಹರಿದ ಹಾಳೆ ಹಿಡಿದುಕೊಂಡೇ ಕ್ಲಾಸಿಗೆ ಬಂದರು.

"ಬರೆದದ್ದು ಸರಿಯಾಗಿದೆ. ಆದ್ರೆ ಮಿಲ್ಟನ್ ಪುಸ್ತಕದಲ್ಲಿ ಅಚ್ಚು ಹಾಕಿದವನ ಹೆಸರಿಲ್ಲ, ಬರೆದವನ ಹೆಸರು ಮೊದಲ ಪುಟದಲ್ಲೇ ಇದೆ ಕಣ್ರಯ್ಯಾ. ನಿಮ್ಮ ಹೆಸರು ಎಲ್ಲಿ?"

ಮರುದಿನ ಮತ್ತೆ ಅಂಟಿಸಿದೆವು. ಕೆಳಗೆ ನಾಲ್ಕು ಹೆಸರು, ಮೊದಲು ನನ್ನದು. ಆಮೇಲೆ ಇಪ್ಪತ್ತೆರಡು ವರ್ಷ ಪತ್ರಿಕೆಯಲ್ಲಿ ದುಡಿದೆ. ಹೆಸರಿಲ್ಲದೆ ಒಂದು ಲೇಖನವನ್ನೂ ಬರೆಯಲಿಲ್ಲ.

ಈಗ ನನ್ನ ಮಗಳಿಗೆ ಮಿಲ್ಟನ್ ಅಂದರೆ ಎರಡು ಅಂಕದ ಪ್ರಶ್ನೆ. ಹುಟ್ಟಿದ್ದು 1608, ತೀರಿಕೊಂಡದ್ದು 1674. ಗೈಡಿನಲ್ಲಿ ಉತ್ತರ ಇದೆ. ತನ್ನ ಕಡೆಯವರ ಜೊತೆಗೇ ಯಾಕೆ ಜಗಳಕ್ಕೆ ನಿಂತ ಅಂತ ಕ್ಲಾಸಿನಲ್ಲಿ ಯಾರೂ ಕೇಳೋದಿಲ್ಲವಂತೆ. ನನಗೆ ಜಾಸ್ತಿ ಬೇಸರ ಆಗೋದು ಅದಕ್ಕೇ.

ಗೋಡೆಪತ್ರಿಕೆ ಅಂಟಿಸಿದ ಮೇಲೆ ಆ ಬೀರುಗಳು ತೆರೆಯಲು ಮೂರು ತಿಂಗಳು ಬೇಕಾಯಿತು. ತೆರೆದ ದಿನ ಮೊದಲು ಹೋದವನು ನಾನು. ಮಿಲ್ಟನ್ ಸಂಪುಟದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಪುಸ್ತಕದ ಹಿಂಬದಿಯಲ್ಲಿ, ಓದಲು ಒಯ್ದವರು ಸಹಿ ಹಾಕುವ ಚೀಟಿಯಲ್ಲಿ ಅಲ್ಲಿಯವರೆಗೆ ಇದ್ದದ್ದು ಒಂದೇ ಸಹಿ, ಮೇಷ್ಟ್ರದು. ಅದರ ಕೆಳಗೆ ನಾನು ಸಹಿ ಹಾಕಿದೆ.