ನಿಜಾಮ ಅಂದ್ರ ರಾಜ ಅಲ್ಲಂತ್ರಿ

ಹೋದ ತಿಂಗಳ ರಾಯಚೂರಾಗ ನಮ್ಮ ಸೋದರತ್ತಿ ಮೊಮ್ಮಗಳ ಮದುವಿ ಇತ್ತು. ಅಡಿಗಿ ಗುತ್ತಿಗಿ ಹಿಡದಿದ್ದ ಚಾಚಾ ಹಿಂದಿನ ರಾತ್ರಿ ಹನ್ನೊಂದಕ್ಕ ಬಂದು "ಇಂತಜಾಮ್ ಎಲ್ಲಾ ಆಗ್ಯದ್ರಿ, ನೀವು ಆರಾಮ್ ಮಕ್ಕೋರಿ" ಅಂದ, ನಾವು ನಂಬಿ ಮಕ್ಕೊಂಡ್ವಿ, ಮುಂಜಾನಿ ನೋಡಿದ್ರ ಉಪ್ಪಿಟ್ಟಿಗೆ ರವಾನೇ ಬಂದಿಲ್ಲ! ಅದು ಬ್ಯಾರೆ ಕತಿ ಬಿಡ್ರಿ.

ಅವತ್ತೇ ಮಧ್ಯಾಹ್ನ ಹುಡುಗಿಗೆ ಉಡಿ ತುಂಬೋ ಮುಂದ ದೊಡ್ಡಮ್ಮ ತನ್ನ ಸಂಚಿಯಿಂದ ಒಂದು ಬೆಳ್ಳಿ ರೂಪಾಯಿ ತಗದ್ಳು. ಹೈದರಾಬಾದ್ ನಿಜಾಮನ ಕಾಲದ ಹಾಲಿ ಸಿಕ್ಕಾ ಅಂತಾರಲ್ಲ, ಅದು. ಒಂದು ಕಡಿ ಚಾರ್‌ಮಿನಾರ್, ನಡುವಿನ ಬಾಗಿಲದಾಗ ಉರ್ದು 'ಐನ್' ಅಕ್ಷರ, ಕಡೀ ನಿಜಾಮ ಉಸ್ಮಾನ್ ಅಲಿ ಖಾನ್ ಹೆಸರಿನ ಮೊದಲಕ್ಷರ ಅದು. ನನಗ ಉರ್ದು ಓದಾಕ ಬರಲ್ಲ, ಅದಕ್ಕ ಅದೇ ಚಾಚಾನ್ನ ಕರದು "ಇದರಾಗ ಏನು ಬರದಾರ ನೋಡು" ಅಂದೆ. ಅವನು ಕೈ ಒರಸ್ಕೊಂಡು, ಕಣ್ಣು ಸಣ್ಣ ಮಾಡಿ, "ನಿಜಾಮ್-ಉಲ್-ಮುಲ್ಕ್, ಆಸಫ್ ಜಾ, ಬಹಾದ್ದೂರ್" ಅಂತ ಓದಿದ. ಸುಲ್ತಾನ ಅಂತ ಎಲ್ಲೂ ಇಲ್ಲ, ಶಾ ಅಂತಾನೂ ಇಲ್ಲ, ಬಾದಶಾ ಅಂತ ಮೊದಲೇ ಇಲ್ಲ.

ಅಲ್ಲಿಂದ ಹುಳ ಹೊಕ್ಕಂಗಾತು ತಲಿಯಾಗ.

ನಿಜಾಮ ಅಂದ್ರ ಅರಬ್ಬಿಯೊಳಗ ವ್ಯವಸ್ಥಾ, ಬಂದೋಬಸ್ತ್ ಅಂತ ಅರ್ಥ. ಅದರ ಬೇರಿಗೆ ಹೋದ್ರ ಮುತ್ತು ಪೋಣಸೋದು ಅಂತ ಬರ್ತದ, ಒಂದಕ್ಕೊಂದು ಸಾಲಾಗಿ ದಾರದಾಗ ಏರಸೋದು. ಉರ್ದುವಿನಾಗ ಪದ್ಯಕ್ಕ 'ನಜ್ಮ್' ಅಂತಾರಲ್ಲ, ಅದೂ ಅದೇ ಬೇರು. ನಮ್ಮ ಚಾಚಾನ 'ಇಂತಜಾಮ್' ಕೂಡ ಅದೇ ಬೇರೇ! ಅಂದ್ರ ಹೈದರಾಬಾದಿನ ನಿಜಾಮಗೂ ರವಾ ಮರ್ತ ಅಡಿಗಿ ಗುತ್ತಿಗೆದಾರಗೂ ಶಬ್ದದ ಮಟ್ಟಿಗೆ ಸಂಬಂಧ ಅದ. ಮುಲ್ಕ್ ಅಂದ್ರ ದೇಶ, ರಾಜ್ಯ. ಎರಡೂ ಕೂಡಿಸಿದ್ರ ರಾಜ್ಯದ ಬಂದೋಬಸ್ತ್ ಮಾಡವ. ಆಳವ ಅಲ್ಲ, ಆಳವನ ಕೈಕೆಳಗ ಇರವ.

ಭಾಳ ಹಿಂದ ಈ ಬಿರುದು ಹೊತ್ತು ಹೆಸರಾದವ ಪರ್ಷಿಯಾದ ಒಬ್ಬ ಮಂತ್ರಿ, ತೂಸ್ ಕಡಿಯವ. ಸೆಲ್ಜುಕ್ ಸುಲ್ತಾನರ ಹತ್ರ ಹತ್ತಿರ ಹತ್ತಿರ ಮೂವತ್ತು ವರ್ಷ ವಜೀರಿಕಿ ಮಾಡಿ 1092ರಾಗ ಚೂರಿ ತಿವಿಸ್ಕೊಂಡು ಸತ್ತ. ಅವನ ಸ್ವಂತ ಹೆಸರು ಹಸನ್ ಅಂತ, ಅದು ಯಾರಿಗೂ ನೆನಪಿಲ್ಲ, ಬಿರುದೇ ಹೆಸರಾಗಿ ಉಳೀತು.

ನಮ್ಮ ದಖ್ಖನ್ನಾಗಂತೂ ಇದು ದೊಡ್ಡ ರೋಗ. ಬಹಮನಿ ಆಸ್ಥಾನದಾಗ ಒಬ್ಬ ನಿಜಾಮ್-ಉಲ್-ಮುಲ್ಕ್ ಇದ್ದ, ಮಗ ಅಹ್ಮದನಗರದಾಗ ಸ್ವಂತ ರಾಜ್ಯ ಕಟ್ಟಿ ನಿಜಾಮ್ ಶಾ ಆದ. ಕುತುಬ್-ಉಲ್-ಮುಲ್ಕ್ ಗೋಲ್ಕೊಂಡಾದಾಗ ಕುತುಬ್ ಶಾ. ಇಮಾದ್-ಉಲ್-ಮುಲ್ಕ್ ಬೇರಾರದಾಗ ಇಮಾದ್ ಶಾ. ಬಿಜಾಪುರದ ಆದಿಲ್ ಖಾನ್ ಆದಿಲ್ ಶಾ, 1520ರಾಗ ಕೃಷ್ಣದೇವರಾಯ ನಮ್ಮ ರಾಯಚೂರು ಕೋಟಿ ಕಿತ್ಗೊಂಡಿದ್ದು ಇವರ ಕೈಲಿಂದನೇ. ಎಲ್ಲರೂ ಕೊಟ್ಟ ಬಿರುದಿನ ಮುಂದ ಒಂದು 'ಶಾ' ಅಂಟಿಸ್ಕೊಂಡು ರಾಜರಾದವರು, ಆಫೀಸಿನ ಬೋರ್ಡೇ ಮನಿ ಹೆಸರು ಆದಂಗ.

ಹೈದರಾಬಾದ್‌ನವರು ಮಾತ್ರ ಹಂಗ ಮಾಡ್ಲಿಲ್ಲ, ಅದೇ ನನಗ ಮಜಾ ಅನಸಿದ್ದು. ಮೊದಲನೇ ನಿಜಾಮ ಮೀರ್ ಖಮರುದ್ದೀನ್‌ಗೆ 1713ರಾಗ ದಿಲ್ಲಿಯ ಮೊಘಲ್ ಫರೂಖ್‌ಸಿಯರ್ ಬಾದಶಾ ನಿಜಾಮ್-ಉಲ್-ಮುಲ್ಕ್ ಅಂತ ಬಿರುದು ಕೊಟ್ಟ. 1724ರಾಗ ಶಕರಖೇಡಾದಾಗ ಗೆದ್ದು ದಖ್ಖನ್ ಅವನ ಕೈಗೆ ಬಂತು, ಆದರ ಆಯಪ್ಪ ಶಾ ಅಂತ ಕರಸ್ಕೊಳ್ಳಲಿಲ್ಲ. ಮರುವರ್ಷ ದಿಲ್ಲಿಯಿಂದ 'ಆಸಫ್ ಜಾ' ಅಂತ ಇನ್ನೊಂದು ಬಿರುದು ಬಂತು. ಆಸಫ್ ಯಾರು ಅಂದ್ರ ರಾಜ ಸುಲೈಮಾನನ (ಬೈಬಲ್ಲಿನ ಸೊಲೊಮೋನ) ಮಂತ್ರಿ. ಅಂದ್ರ ಎರಡೂ ಬಿರುದು ಮಂತ್ರಿಗಿರಿವೇ! 1857ರ ತನಕ ಹೈದರಾಬಾದಿನ ನಾಣ್ಯ ದಿಲ್ಲಿ ಬಾದಶಾಹನ ಹೆಸರಿನಾಗೇ ಟಂಕ ಆಗ್ತಿದ್ವು, ಆ ಬಾದಶಾಗೆ ಕೆಂಪುಕೋಟಿ ಆಚೆ ಏನೂ ನಡೀತಿರಲಿಲ್ಲ ಅಂದ್ರೂ.

ಇನ್ನೂ ಕೇಳ್ರಿ, ಈ ಬಂದೋಬಸ್ತ್ ಮಾಡವನ ಕೈಕೆಳಗ ಬಂದೋಬಸ್ತ್ ಮಾಡಾಕ ಮತ್ತೊಬ್ಬ ದಿವಾನ ಬ್ಯಾರೆ. ಸಾಲಾರ್ ಜಂಗ್. ಕೊಪ್ಪಳ ಅವರ ಮನೆತನದ ಜಹಗೀರು. ಹಂಗಾಗಿ ಕೊಪ್ಪಳದವರು ಮಂತ್ರಿಯ ಮಂತ್ರಿ ಕೈಯಾಗ ಇದ್ರು ಅನ್ರಿ. ಕೆಲಸ ನಿಜವಾಗ್ಲೂ ನಡಸಿದವರು ಅವರೇ, 1853ರಾಗ ದಿವಾನಗಿರಿಗೆ ಬಂದು ಜಿಲ್ಲಾ, ತಾಲೂಕು, ಕಂದಾಯ ಎಲ್ಲಾ ಒಂದು ಲೈನಿಗೆ ತಂದ್ರು. ಜಿಲ್ಲಾದ ಸಾಹೇಬಗ 'ಅವ್ವಲ್ ತಾಲೂಕದಾರ್' ಅಂತಿದ್ರು, ಈಗಿನ ಡಿಸಿ. (ಅತ್ತ ಅವಧ್ ಕಡಿ ತಾಲೂಕದಾರ್ ಅಂದ್ರ ದೊಡ್ಡ ಜಮೀನ್ದಾರ, ಶಬ್ದ ಒಂದೇ, ಕುರ್ಚಿ ಬ್ಯಾರೆ.)

ಇದೆಲ್ಲಾ ದೊಡ್ಡಮ್ಮಗ ಹೇಳಿದೆ. "ಮಂತ್ರಿ ಆದ್ರೇನು ರಾಜ ಆದ್ರೇನು, ರಜಾಕಾರರು ಬಂದಾಗ ನಮ್ಮವ್ವ ನನ್ನ ಬಗಲಾಗ ಹೊತ್ಕೊಂಡು ತುಂಗಭದ್ರಿ ದಾಟಿ ಬಳ್ಳಾರಿ ಕಡಿ ಓಡಿದ್ಳು, ಆಗ ಯಾವ ಬಂದೋಬಸ್ತೂ ಇರಲಿಲ್ಲ" ಅಂದ್ಳು. ರಜಾಕಾರರು ಅಂದ್ರ ನಿಜಾಮನ ಕಡಿಯ ಹತ್ಯಾರಬಂದ ಪಡಿ. ನಾ ಸುಮ್ನಾದೆ. ಬಳ್ಳಾರಿನ ನಿಜಾಮ 1800ರಾಗೇ ಕಂಪನಿ ಸರಕಾರಕ್ಕ ಬರಕೊಟ್ಟಿದ್ದ, ಅದಕ್ಕ ಹೊಳಿ ದಾಟಿದ್ರ ಬ್ಯಾರೆ ರಾಜ್ಯ. ಅಲ್ಲಿ ಹಾಲಿ ರೂಪಾಯಿ ನಡೀತಿರಲಿಲ್ಲ, ಕಲ್ದಾರ್ (ಇಂಗ್ರೇಜಿ ಸರಕಾರದ ರೂಪಾಯಿ) ಬೇಕು, ಏಳು ಹಾಲಿ ಕೊಟ್ರ ಆರು ಕಲ್ದಾರ್. ಈ ರೂಪಾಯಿ ಬದಲಾಯಿಸದೇ ಉಳದದ್ದು ಹೆಂಗಂತ ಕೇಳಿದ್ರ ಸೀರಿ ಅಂಚಿನಾಗ ಹೊಲದು ಇಟ್ಟಿದ್ಳಂತ ಅವರವ್ವ.

ಉಡಿ ತುಂಬೋದು ಮುಗೀತು. ಅಕ್ಕಿ, ಕೊಬ್ರಿ ಬಟ್ಟಲ, ಉತ್ತತ್ತಿ, ಎಲಿ ಅಡಿಕಿ, ಅದರ ಮ್ಯಾಲ ಈ ರೂಪಾಯಿ, ಚಾರ್‌ಮಿನಾರದ ಬಾಗಿಲ ತುಂಬ ಕುಂಕುಮ ಮೆತ್ತಿ 'ಐನ್' ಕಾಣಲಾರದಂಗ ಆಗಿತ್ತು. ಹುಡುಗಿ ಕಾರ್ ಹತ್ತೋಕಿಂತ ಮುಂಚೆ ದೊಡ್ಡಮ್ಮ ಓಡಿ ಹೋಗಿ, ಉಡಿಯಾಗ ಕೈ ಹಾಕಿ ಅದನ್ನ ತಗದು, ಹತ್ತು ರೂಪಾಯಿ ಬಿಲ್ಲಿ ಒಂದು ಹಾಕಿ, "ಅದು ಮನಿದು ಯವ್ವಾ, ಮುಂದಿನ ಮದುವಿಗೆ ಬೇಕು" ಅಂತ ಸಂಚಿಗೆ ಸೇರಿಸಿದ್ಳು.